ಟ್ರಯಲ್ ನೋಡದೆ ಕೊಟ್ಟ ಪುಟ

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಯಾರದೋ ವೆಬ್‌ಸೈಟಿನ ಬ್ಯಾನರ್ ಬೆಳಗ್ಗೆ ಎಡಕ್ಕೆ, ಮಧ್ಯಾಹ್ನ ಬಲಕ್ಕೆ. ಬಾಸ್‌ಗೆ ಬಾಯಿ ಇದೆ, ನನಗೆ ಮೌಸ್ ಇದೆ.

ಸಂಜೆ ಕರೆದು ಹೇಳಿದರು — ಹಲ್ಲಿನ ಕ್ಲಿನಿಕ್‌ನ ಸೈಟ್ ಪೂರ್ತಿ ನಿಮ್ಮದೇ ಡಿಸೈನ್. ಚೆನ್ನಾಗಿ ಬಂದರೆ ಕೆಲಸ ಕಾಯಂ. ಇಲ್ಲದಿದ್ದರೆ... ಇಲ್ಲದಿದ್ದರೆ ಮನೆಯ ಮುಂದಿನ ಕೋಣೆ. ಅಣ್ಣನ ಟೈಲರ್ ಅಂಗಡಿ. ಮತ್ತೆ ಗುಂಡಿಗಳಿಗೆ ಕಾಜಾ ಮಾಡುತ್ತ ಕೂರುವುದು.

ಮನೆಗೆ ಬಂದು ಹೇಳಿದೆ. ಅಮ್ಮನಿಗೆ ಖುಷಿ. ಅಣ್ಣ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಸೂಜಿ ಬಿಟ್ಟು ಮೌಸ್ ಹಿಡ್ಕೊಂಡ್ಲು ಮಹಾರಾಣಿ. ನಿನ್ ಮಿಷನ್‌ಗೆ ಯಾರನ್ನೂ ಕೂರ್ಸಿಲ್ಲ. ಬಂದೇ ಬರ್ತೀಯ ಬಿಡು."

ಮೈ ಉರಿದುಹೋಯಿತು. ಹತ್ತು ವರ್ಷ ಅವನ ಪಕ್ಕ ಕೂತು ಹೊಲಿದೆ. ಸಂಜೆ ಕ್ಲಾಸಿಗೆ ಹೋಗಿ ಕಲಿತೆ. ಒಂದು ದಿನವಾದರೂ ಏನು ಕಲಿತೆ ಎಂದು ಕೇಳಿದ್ದಾನೆಯೇ?

ಮಾರ್ಚ್ 6, ಗುರುವಾರ

ಮುಗಿಯಿತು. ಪುಟ ಕಣ್ಣಿಗೆ ತಂಪು. ತಿಳಿ ನೀಲಿ. ಮೇಲೆ ಡಾಕ್ಟರಮ್ಮ ನಗುತ್ತಿರುವ ದೊಡ್ಡ ಫೋಟೋ. ಕೆಳಗೆ, ಸಣ್ಣಗೆ, ನಾಜೂಕಾಗಿ — "ಅಪಾಯಿಂಟ್‌ಮೆಂಟ್". ಬಾಸ್ "ಸೂಪರ್" ಎಂದರು.

ಟೈಲರ್ ಬುದ್ಧಿ. ಟ್ರಯಲ್ ನೋಡದೆ ಕೊಡಲು ಮನಸ್ಸಾಗಲಿಲ್ಲ. ಅಮ್ಮನ ಕೈಗೆ ಫೋನ್ ಕೊಟ್ಟೆ. ಹಲ್ಲುನೋವು ಅಂದ್ಕೊ, ಡಾಕ್ಟರ್ ಹತ್ರ ಟೈಮ್ ತಗೊ ಎಂದೆ.

ಅಮ್ಮ ಡಾಕ್ಟರಮ್ಮನ ಮುಖ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು, ಜೋರಾಗಿ.

"ಅಲ್ಲಲ್ಲ, ಕೆಳಗೆ ನೋಡಮ್ಮಾ! ಅಷ್ಟೂ ಕಾಣ್ಸಲ್ವಾ?"

"ಕೂಗಾಡ್ಬೇಡ. ನೀನು ಡಾಕ್ಟರ್ ಬೇಕು ಅಂದೆ, ನಾನು ಡಾಕ್ಟರನ್ನ ಒತ್ತಿದೆ. ಅದ್ರಲ್ಲಿ ನನ್ ತಪ್ಪೇನಿದೆ?"

ಫೋನ್ ಕಿತ್ತುಕೊಂಡು ಒಳಗೆ ಬಂದೆ. ಸಿಟ್ಟು ಅಮ್ಮನ ಮೇಲಲ್ಲ... ಅವಳ ಮೇಲೂ ಹೌದು. ಅವಳು ಹೇಳಿದ್ದು ಸರಿ ಎಂಬುದಕ್ಕೇ ಹೆಚ್ಚು. ಹೊಲಿದ ರವಿಕೆ ಕಂಕುಳಲ್ಲಿ ಬಿಗಿಯಾದರೆ ಗಿರಾಕಿಯ ತೋಳಿಗೆ ಬೈಯಲು ಆಗುತ್ತದೆಯೇ? ಹೊಲಿಗೆ ಬಿಚ್ಚಬೇಕು, ಅಷ್ಟೇ.

ಮಾರ್ಚ್ 7, ಶುಕ್ರವಾರ

ಪೂರ್ತಿ ಬಿಚ್ಚಿದೆ. ಫೋಟೋ ಚಿಕ್ಕದು. ಬಟನ್ ದೊಡ್ಡದು, ಕಿತ್ತಳೆ ಬಣ್ಣ, ಹೆಬ್ಬೆರಳಿಗೆ ಸಿಗುವಂತೆ. ಡಾಕ್ಟರಮ್ಮನ ಮುಖ ಒತ್ತಿದರೂ ಅಲ್ಲಿಗೇ ಹೋಗುತ್ತದೆ. ಊಟ ಮರೆತೇಹೋಯಿತು. ನೋವಿನಲ್ಲಿರುವ ಯಾರೋ ಒಬ್ಬರು ಇದನ್ನು ಹಿಡಿದುಕೊಂಡಿರುತ್ತಾರೆ ಎಂದು ನೆನೆದರೆ ಕೈ ತಾನೇ ಓಡುತ್ತದೆ. ಇದಕ್ಕೇ ನಾನು ಬಂದದ್ದು.

ಬಾಸ್ ನೋಡಿ ಮುಖ ಸಿಂಡರಿಸಿದರು. "ಇದೇನ್ರೀ, ಅಂಗಡಿ ಬೋರ್ಡ್ ಥರ? ನಿನ್ನೇದು ಎಷ್ಟ್ ಕ್ಲಾಸ್ ಆಗಿತ್ತು!"

"ನಿನ್ನೇದು ನಮ್ಮಮ್ಮಂಗೆ ಗೊತ್ತಾಗ್ಲಿಲ್ಲ ಸರ್."

"ಸೈಟ್ ಮಾಡ್ಸಿರೋದು ನಿಮ್ಮಮ್ಮನಾ?"

ಹಳೆಯದನ್ನೇ ಲೈವ್ ಮಾಡಿದರು, ನನ್ನ ಕಣ್ಣೆದುರೇ. ಕುರ್ಚಿ ಎತ್ತಿ ಒಗೆಯುವಷ್ಟು ಸಿಟ್ಟು. ಒಗೆಯಲಿಲ್ಲ. ಹೊಸದನ್ನು ಡಿಲೀಟ್ ಕೂಡ ಮಾಡಲಿಲ್ಲ.

ಮಾರ್ಚ್ 10, ಸೋಮವಾರ

ಕ್ಲಿನಿಕ್‌ನ ರಿಸೆಪ್ಷನಿಸ್ಟ್ ಫೋನ್. ನಾನೇ ಎತ್ತಿದೆ.

"ಆ ಸೈಟ್ ಮಾಡಿದ್ದು ಯಾರ್ರೀ? ಡಾಕ್ಟರ್ ಫೋಟೋ ಒತ್ತೀ ಒತ್ತೀ ಸಾಕಾಗಿ ಎಲ್ರೂ ನನ್ಗೆ ಫೋನ್ ಮಾಡ್ತಿದಾರೆ. ಹಲ್ಲು ನೋಯ್ತಿರೋರ ಬಾಯಿ ಹೆಂಗಿರುತ್ತೆ ಗೊತ್ತಾ ನಿಮ್ಗೆ?"

ನಾನೇ ಮಾಡಿದ್ದು ಎಂದೆ. ಬೈಗುಳ ಪೂರ್ತಿ ಕೇಳಿಸಿಕೊಂಡೆ. ಬಾಸ್‌ಗೆ ಹೇಳಿದೆ. ಕಂಪ್ಯೂಟರ್ ನೋಡುತ್ತ ಕೇಳಿದರು — "ಆ ಬೋರ್ಡ್ ಥರದ್ದು ಇದೆಯಾ ಇನ್ನೂ? ಹಾಕಿ."

ತಪ್ಪಾಯಿತು ಎಂಬ ಮಾತಿಲ್ಲ, ಏನಿಲ್ಲ. ಹಲ್ಲು ಕಚ್ಚಿಕೊಂಡು ಹಾಕಿದೆ.

ಮಾರ್ಚ್ 30, ಭಾನುವಾರ

ಬರೆಯಲು ಪುರುಸೊತ್ತಿರಲಿಲ್ಲ. ಕೆಲಸ ಕಾಯಂ ಆಗಿದೆ. ಅದನ್ನೂ ಅಕೌಂಟೆಂಟ್ ಬಾಯಿಂದ ಕೇಳಬೇಕಾಯಿತು. ಬಾಸ್‌ಗೆ ಹೇಳಲು ನಾಲಿಗೆ ಸವೆಯುತ್ತಿತ್ತೇನೋ. ಅಣ್ಣನಿಗೆ ನಾನೂ ಹೇಳಿಲ್ಲ. ಕೇಳಿದರೆ ತಾನೇ!

ಇವತ್ತು ಅವನ ಕೆನ್ನೆ ಊದಿದೆ. ದವಡೆ ಹಲ್ಲು. "ಇವ್ಳು ಮಾಡಿದ್ದಿದೆಯಲ್ಲೋ, ಅದ್ರಲ್ಲಿ ನೋಡು," ಅಂದಳು ಅಮ್ಮ. ಆಮೇಲೆ ಇಣುಕಿದರೆ, ಕಟಿಂಗ್ ಮೇಜಿಗೆ ಮೊಣಕೈ ಊರಿ, ಫೋನ್ ಹಿಡಿದು... ನನ್ನ ಪುಟ. ನನ್ನ ಕಿತ್ತಳೆ ಬಟನ್.

ಅಲ್ಲಿ ಒತ್ತು ಎಂದು ಬಾಯಿಯವರೆಗೆ ಬಂತು. ನುಂಗಿಕೊಂಡೆ. ಟ್ರಯಲ್ ಹೊತ್ತಿನಲ್ಲಿ ಟೈಲರ್ ಬಾಯಿ ಬಿಡಬಾರದು, ಎಲ್ಲಿ ಹಿಡಿಯುತ್ತದೋ ಗಿರಾಕಿಯೇ ಹೇಳಲಿ — ಇವನೇ ಕಲಿಸಿದ್ದು.

ಒತ್ತಿದ. ಹೆಸರು. ನಾಳೆ ಬೆಳಗ್ಗೆ. ಆಯಿತು. ಫೋನ್ ತಿರುಗಿಸಿ ಮುರುಗಿಸಿ ನೋಡಿದ.

"ಇಷ್ಟೇನಾ?"

ಇಷ್ಟೇನಾ ಅಂತೆ! ಇಷ್ಟೇ ಆಗಲಿ ಎಂದು ನಾನು ಎಷ್ಟು ಬಿಚ್ಚಿದ್ದೇನೆ, ಈ ಮಹಾರಾಯನಿಗೇನು ಗೊತ್ತು? ರೇಗಿಹೋಯಿತು. ಸರಿಯಾಗಿ ನಾಲ್ಕು ಮಾತು ಅನ್ನಲೇಬೇಕೆಂದು ಒಳಗೆ ಕಾಲಿಟ್ಟೆ. ಅಷ್ಟರಲ್ಲಿ ಊದಿದ ಬಾಯಲ್ಲೇ ಅಮ್ಮನಿಗೆ ಹೇಳಿದ —

"ಆ ಮಿಷನ್‌ಗೆ ಇನ್ಯಾರನ್ನಾದ್ರೂ ನೋಡ್ಬೇಕಮ್ಮ. ಇವ್ಳು ವಾಪಸ್ ಬರಲ್ಲ."

ಅನ್ನಬೇಕೆಂದಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು. ಈ ಡೈರಿಯಲ್ಲಾದರೂ ಬರೆದು ಹಾಕೋಣವೆಂದು ಕೂತರೆ, ಒಂದೂ ನೆನಪಾಗುತ್ತಿಲ್ಲ.