ನಿರ್ಮಲಾಳಿಗೆ ಬಂದ ಹೂವು

14 ಮೇ 2007, ಸೋಮವಾರ. ರಾಣೆಬೆನ್ನೂರು

ಬೀಜ ಕಂಪನಿಯ ಲ್ಯಾಬಿಗೆ ಮತ್ತೆ ಹೋಗಲು ಶುರು ಮಾಡಿ ನಾಲ್ಕನೆಯ ದಿನ. ಬೆಳಿಗ್ಗೆ ಟೊಮ್ಯಾಟೊ ಬೀಜ ಒದ್ದೆ ಕಾಗದದಲ್ಲಿ ಸುತ್ತಿಟ್ಟೆ. ಮಧ್ಯಾಹ್ನ ಹಿಂದಿನ ವಾರ ಇಟ್ಟ ಬೀಜದ ಮೊಳಕೆ ಎಣಿಸಿದೆ. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ನಾಲ್ಕು ಹೆಂಗಸರು. ಕಾಗಿನೆಲೆ ಕಡೆಯವರು. ಉಡಿಯಲ್ಲಿ ಹೂವು.

ಹೆಂಡತಿ ನಿರ್ಮಲಾ ಹೋಗಿ ಹದಿನೇಳು ದಿನ. ಡ್ಯೂಟಿ ಮುಗಿಸಿ ಬರುವಾಗ, ಬಸ್ಸಿನಲ್ಲೇ, ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಹನ್ನೊಂದು ವರ್ಷ ಆ ಹಳ್ಳಿಗಳಿಗೆ ಅವಳೇ ನರ್ಸ್. ಹೆರಿಗೆ ಮಾಡಿಸಿಕೊಂಡ ತಾಯಂದಿರು ದಿನವೂ ಬರುತ್ತಿದ್ದಾರೆ. ಫೋಟೋ ಮುಂದೆ ಹೂವಿಟ್ಟು, ಸ್ವಲ್ಪ ಹೊತ್ತು ಕೂತು, ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾರೆ.

20 ಮೇ, ಭಾನುವಾರ

ಪಡಸಾಲೆಯ ಮೂಲೆಯಲ್ಲಿ ಪೇಟೆಯ ಹಾರ, ಹಳ್ಳಿಯವರ ಹೂವು ಸೇರಿ ಎರಡು ಚೀಲ ತುಂಬಿವೆ. ವಾಸನೆ, ನೊಣ. ಅವ್ವ ಇಂದು ಅಂದೇಬಿಟ್ಟಳು.

“ತೀರಿಹೋದವರಿಗೆ ಏರಿಸಿದ ಹೂವು ಮನಿಯಾಗ ಇಟ್ಕೋಬಾರದಪಾ, ನಿಜಲಿಂಗ. ಹೊಳಿಗೆ ಬಿಟ್ಟು ಬಾ.”

ಮಗಳು ಸ್ನೇಹಾ ಚೀಲದ ಬಾಯಿ ಹಿಡಿದು ನಿಂತಳು. ಒಂಬತ್ತು ವರ್ಷದ ಕೂಸು. ತಾಯಿ ಹೋದಾಗಿನಿಂದ ತಾಯಿಯ ಬಗ್ಗೆ ಒಂದು ಮಾತಿಲ್ಲ, ಅಳುವೂ ಇಲ್ಲ. ಬೆರಳು ಬಿಡಿಸಿ ಚೀಲ ತೆಗೆದುಕೊಂಡೆ.

ತುಂಗಭದ್ರೆಯಲ್ಲಿ ನೀರು ಮೊಣಕಾಲಿನಷ್ಟು. ದಂಡೆಗುಂಟ ಯಾರ್ಯಾರದೋ ಹಾರಗಳು ಕೊಳೆತು ಬಿದ್ದಿದ್ದವು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೋಲಿನಿಂದ ಅವನ್ನು ಆಚೆ ತಳ್ಳುತ್ತಿದ್ದಳು. ಅವಳದೇನು ತಪ್ಪು... ಚೀಲ ಬಿಚ್ಚದೆ ವಾಪಸ್ ತಂದೆ. ಹಿತ್ತಲಲ್ಲಿ ಹರವಿದೆ. ಅವ್ವ ತಾಟು ಕುಕ್ಕಿ ಊಟಕ್ಕೆ ಬಡಿಸಿದಳು.

27 ಮೇ

ಮೈಲವ್ವ ಬಂದಿದ್ದಳು. ಕಾಗಿನೆಲೆ ಹತ್ತಿರ ಎರಡೆಕರೆ ಮೆಣಸಿನಕಾಯಿ ಬೆಳೆಯುವವಳು. ಹಿತ್ತಲಲ್ಲಿ ಕೈ ತೊಳೆಯಲು ಹೋದವಳು ಒಂದು ಒಣ ಚೆಂಡುಹೂ ಎತ್ತಿ ಅಂಗೈಯಲ್ಲಿ ತಿಕ್ಕಿದಳು.

“ಅಣ್ಣಾರ, ಇದರಾಗ ಬೀಜ ಐತಿ. ಬೀಜದ ಕಂಪನ್ಯಾಗ ಇರೂ ನಿಮಗ ನಾ ಹೇಳಬೇಕೇನ್ರಿ?”

“ಪ್ಯಾಟಿ ಹೂವು ಎಳೇದು ಹರೀತಾರವ್ವಾ. ಬೀಜ ಬಲಿತಿರೂದಿಲ್ಲ.”

“ನಾವು ತಂದಿದ್ದು ಹಿತ್ತಲದ್ದರಿ. ಗಿಡದಾಗ ಒಣಗಾಕ ಬಂದಿದ್ದೂ ಹರಕೊಂಡು ಬಂದೇವಿ. ಮೆಣಸಿನಗಿಡದ ನಡುವ ಒಂದೊಂದು ಸಾಲು ಚೆಂಡು ಹಚ್ಚಿದ್ರ ಹುಳಾ ಅದಕ್ಕ ಹೋಗತಾವು, ಬೆಳಿ ಉಳೀತೈತಿ. ನನಗೊಂದೀಟು ಕೊಡ್ರಿ.”

ಒಳಗಿನಿಂದ ಅವ್ವ: “ಏರಿಸಿದ ಹೂವಿನ ಬೀಜ ಹೊಲಕ್ಕ ಹಾಕ್ತಿಯೇನವ್ವಾ?”

“ನನ್ನ ಕೂಸಿನ್ನ ಮೊದಲ ಎತ್ತಿಕೊಂಡಾಕಿ ನಿಮ್ಮ ಸೊಸಿ. ಆಕಿಗೆ ಏರಿಸಿದ್ದು ನನಗ ಹ್ಯಾಂಗ ಕೆಟ್ಟದ್ದು ಆಕ್ಕೈತಿ, ಯವ್ವಾ?”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

3 ಜೂನ್

ಹೂ ಆರಿಸಿದೆವು. ಸುಗಂಧರಾಜ, ಗುಲಾಬಿ — ದಾರ, ಜರಿ ಬಿಡಿಸಿ ಗೊಬ್ಬರದ ಗುಂಡಿಗೆ. ಚೆಂಡುಹೂ ಚಾಪೆಯ ಮೇಲೆ. ಸ್ನೇಹಾ ತಾನಾಗಿ ಬಂದು ಕೂತಳು. ನಾನು ಊದಿ ಊದಿ ಬೀಜವನ್ನೂ ಹಾರಿಸುತ್ತಿದ್ದೆ. ಅವ್ವ ನೋಡಿ ನೋಡಿ ಬೇಸತ್ತು ಮೊರ ತಂದಳು.

“ಸರಿ ಅತ್ತಾಗ. ಹಿಂಗ ಕೇರಬೇಕು.”

12 ಜೂನ್

ಲ್ಯಾಬಿನಲ್ಲಿ ಮಾಡುವಂತೆಯೇ ಮನೆಯಲ್ಲೂ ನೂರು ನೂರು ಬೀಜ ಇಟ್ಟಿದ್ದೆ. ಎಂಟನೆಯ ದಿನ. ಪೇಟೆ ಹಾರದ್ದು — ಸೊನ್ನೆ. ಹಿತ್ತಲ ಹೂವಿನದು — ಐವತ್ತೆಂಟು. ಕಂಪನಿಯಲ್ಲಾಗಿದ್ದರೆ ರಿಜೆಕ್ಟ್ ಎಂದು ಬರೆಯುತ್ತಿದ್ದೆ.

ಸ್ನೇಹಾ ಮತ್ತೆ ಎಣಿಸಿದಳು.

“ಐವತ್ತೊಂಬತ್ತು, ಪಪ್ಪಾ. ಇಲ್ಲೊಂದು ಈಗ ಬರಾಕತ್ತೈತಿ, ನೋಡ್ರಿ.”

ಐವತ್ತೊಂಬತ್ತು.

17 ಜೂನ್

ಬೀಜ ಪೊಟ್ಟಣ ಕಟ್ಟಿದೆವು. ಬಂದ ಹೆಂಗಸರೆಲ್ಲ ಒಯ್ದರು. ಮೈಲವ್ವನಿಗೆ ಎರಡು. ಒಬ್ಬಾಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವ್ವನೇ ಕೈಯಾರೆ ಕೊಟ್ಟಳು.

22 ಜುಲೈ, ಭಾನುವಾರ

ಸ್ನೇಹಾಳನ್ನು ಕರೆದುಕೊಂಡು ಮೈಲವ್ವನ ಹೊಲಕ್ಕೆ ಹೋಗಿದ್ದೆ. ಮೆಣಸಿನ ಸಸಿ ನೆಡುತ್ತಿದ್ದರು. ಚೆಂಡಿನ ಸಸಿ ಗೇಣುದ್ದ ಆಗಿವೆ. ಸ್ನೇಹಾ ಅರ್ಧ ಸಾಲು ನೆಟ್ಟಳು. ಕೈಯೆಲ್ಲ ಕೆಸರು. ಸಸಿ ಒತ್ತುತ್ತಲೇ ತಲೆ ಎತ್ತದೆ ಕೇಳಿದಳು—

“ನಿಮ್ಮ ಕೂಸು ಹುಟ್ಟಿದ ದಿನ ನಮ್ಮ ಮಮ್ಮಿ ನಿಮ್ಮ ಮನಿಗೆ ಬಂದಾಗ ಏನ್ ಅಂದ್ಳು?”

ಮೈಲವ್ವ ಕೈಯಲ್ಲಿದ್ದ ಸಸಿ ಕೆಳಗಿಟ್ಟಳು. ಬದುವಿನ ಮೇಲೆ ಕೂತು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ತುಂಬಾ ಹೊತ್ತು ಹೇಳಿದಳು. ಸ್ನೇಹಾ ಮೈಲವ್ವನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನಾನು ಅತ್ತ ತಿರುಗಿ ನಿಂತೆ.

ಬಸ್ಸಿನಲ್ಲಿ ಅಂದಳು: “ಬರದಿಡ್ರಿ ಪಪ್ಪಾ. ಆಮ್ಯಾಲ ಮರೀತೇವಿ.”

ಬರೆಯುತ್ತಿದ್ದೇನೆ. ಪಕ್ಕದಲ್ಲೇ ಕೂತಿದ್ದಾಳೆ, ಒಂದು ಮಾತೂ ಬಿಡಬಾರದಂತೆ. ಮೈಲವ್ವ ಹೇಳಿದ್ದು: ಮಧ್ಯಾಹ್ನ ನೋವು ಶುರುವಾಯಿತು. ಬಸ್ಸು ತಪ್ಪಿತ್ತು. ನಿರ್ಮಲಾ ಹೊಲದ ದಾರಿಯಲ್ಲಿ ನಡೆದೇ ಬಂದಳು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಹೊಸ್ತಿಲಲ್ಲೇ ನಿಂತು, ನಕ್ಕು, ಅಂದಳಂತೆ — “ಬಸ್ಸಂತೂ ನನಗ ಕಾಯಲಿಲ್ಲ, ಕೂಸಾದ್ರೂ ಕಾದೈತೇನ್ರಿ?”