ಮಳೆಯ ತಿರುವಿನಲ್ಲೂ ಜಾರದ ಕಾರು

ಅಕ್ಕನ ಹಿರಿಮಗಳಿಗೆ ಮಾವನ ಆಶೀರ್ವಾದ.

ನೀನು ಫೋನ್ ಎತ್ತುತ್ತಿಲ್ಲ. ನಿಮ್ಮ ಆಫೀಸಿನ ಕೆಳಗೇ ನಿಂತು ಬರೆದು ವಾಚ್‌ಮನ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಮಾಡಿದ ಕಾರ್ ರೇಸಿನ ಆಟದಲ್ಲಿ ನಿನ್ನ ತಂಗಿಯನ್ನು ಸೋಲಿಸುವವರಿಲ್ಲ. ಆ ಕಾರು ಮಳೆಯ ತಿರುವಿನಲ್ಲಿ ನೂರರ ವೇಗದಲ್ಲೂ ಜಾರುವುದಿಲ್ಲವಲ್ಲ! "ನಿಜವಾದ ಗಾಡಿಯೂ ಹೀಗೇನಾ ಮಾವ?" ಎಂದು ಕೇಳಿದಳು. ಮೀಸೆ ತಿರುವುತ್ತಾ, "ಮತ್ತೆ? ಮೂವತ್ತು ವರ್ಷ ಬಸ್ಸನ್ನ ಹೀಗೇ ತಿರುಗಿಸಿದೋನು ನಾನು" ಎಂದುಬಿಟ್ಟೆ. ನಾನು ಕಂಡಕ್ಟರ್ ಎಂದು ನಿನಗೆ ಗೊತ್ತು. ಅವಳಿಗೆ ಮಾತ್ರ ಡ್ರೈವರ್ ಎಂದೇ ಹೇಳಿಕೊಂಡು ಬಂದಿದ್ದೇನೆ.

ಅವಳಿಗೆ ಲೈಸೆನ್ಸ್ ಬಂದಿದೆ. ಇವತ್ತು ಮಧ್ಯಾಹ್ನ ಕಾರಿನಲ್ಲಿ ಗೆಳತಿಯರನ್ನು ಕೂರಿಸಿಕೊಂಡು ಬೆಟ್ಟದ ದಾರಿಗೆ ಹೊರಡುವವಳಿದ್ದಾಳೆ. ಬೆಳಿಗ್ಗೆಯಿಂದ ಮಳೆ. ಬಸ್ಸು ಜಾರಿದಾಗ ಟಿಕೆಟ್ ಚೀಲ ತಬ್ಬಿಕೊಂಡು ಕಣ್ಣು ಮುಚ್ಚಿದವನು ನಾನು ಎಂದು ನಿಜ ಹೇಳಿದೆ. "ಇದು ಯಾವ ಹೊಸ ಬಡಾಯಿ ಮಾವ!" ಎಂದು ನಕ್ಕಳು.

ಆಟ ಸೊಗಸಾಗಲಿ ಎಂದು ಕಾರನ್ನು ಜಾರದಂತೆ ಮಾಡಿದೆ ಎಂದು ನೀನೇ ಒಂದು ಮಾತು ಹೇಳಮ್ಮ. ನಿನ್ನ ಮಾತು ನಂಬುತ್ತಾಳೆ.

ಆದರೂ ಕೇಳದಿದ್ದರೆ ನಾನೂ ಹಿಂದೆ ಕೂರುತ್ತೇನೆ. ಹಳೆಯ ಸೀಟಿ ಜೇಬಿನಲ್ಲಿದೆ. ಅದನ್ನು ಊದಿದರೆ ನಿಲ್ಲಿಸಬೇಕೆಂದಾದರೂ ಅವಳಿಗೆ ಹೇಳು.

ಇಂತಿ,
ಒಂದು ದಿನವೂ ಸ್ಟೇರಿಂಗ್ ಹಿಡಿಯದ
ನಿನ್ನ ಮಾವ