ಬೆಳಕಿಂಡಿಯ ಕೆಳಗಿನ ಜಾಗ

ನಾಗನೂರ, 1938

ಪಾರವ್ವಾ,

ನೀನು ತೀರಿಹೋದಮೇಲೆ ಬಂದ ಸೊಸೆ ಕಾಶೆವ್ವ ಇಂದು ಪಡಸಾಲೆಯನ್ನೇ ಅದಲುಬದಲು ಮಾಡಿಬಿಟ್ಟಳು. ಬೆಳಕಿಂಡಿಯ ಕೆಳಗಿದ್ದ ನನ್ನ ಕುರ್ಚಿಯನ್ನು ಮೂಲೆಗೆ ತಳ್ಳಿ, ಮೂಲೆಯಲ್ಲಿದ್ದ ನಿನ್ನ ಬೀಸುಕಲ್ಲನ್ನು ಅಲ್ಲಿಗೆ ತಂದಳು.

"ಮಾಂವಾರ, ಜ್ವಾಳದಾಗಿನ ಹಳ್ಳು-ಹರಳು ನನಗ ಕಾಣಬೇಕ್ರಿ. ನಿಮ್ಮ ಅಕ್ಷರ ಕಂದೀಲ ಬೆಳಕಿಗೂ ಕಾಣತಾವು ತಗೋರಿ."

ಬೆಳಕೆಲ್ಲ ಕಲ್ಲಿಗೆ, ಕತ್ತಲೆಲ್ಲ ನನ್ನ ಪಾಲಿಗೆ ಎಂದೆ. ಬಿ.ಎ. ಓದಿದವನ ಪ್ರಾಸಕ್ಕೆ ಅವಳು ನಗಲೂ ಇಲ್ಲ.

ಮುನಿಸಿಕೊಂಡು ಮೂಲೆಯಲ್ಲಿ ಕೂತೆ. ಬಿಸಿಲ ಕೋಲಿನಲ್ಲಿ ಹಿಟ್ಟಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಅವಳ ಬಳೆ, ಹಣೆಯ ವಿಭೂತಿ ಎಲ್ಲ ಕಂಡವು.

"ನಾ ಕಾಣತೇನೇನವ್ವಾ?" ಎಂದು ಕೇಳಿದೆ.

"ಇಲ್ರಿ, ಬರೇ ಕತ್ತಲಿ ಕಾಣತೈತಿ."

ಹಾಗಾದರೆ ಅಷ್ಟು ವರ್ಷ ಈ ಮೂಲೆಯಿಂದ ನಾನು ನಿನಗೆ ಕಾಣುತ್ತಲೇ ಇದ್ದೆ.

ಸಂಜೆ ಮಗ ಕುರ್ಚಿಯನ್ನು ಹಳೆಯ ಜಾಗಕ್ಕೆ ಒಯ್ಯಲು ಬಂದ. ಇಲ್ಲೇ ಇರಲಿ ಎಂದೆ.